ಹುಳಗಳಿಗೂ ಒಂದು ಮಡಿ

ಮೊನ್ನೆ ನನ್ನ ಹೆಂಡತಿ ಪಾರ್ವತಿ ಚಕ್ಕುಲಿ ಹಿಟ್ಟು ಮಾಡಿಕೊಳ್ಳಲು ಕೂತವಳು, "ಆ ಸಣ್ಣ ಕಣ್ಣಿನ ಜರಡಿ ಎಲ್ಲಿದೆ, ಸ್ವಲ್ಪ ಹುಡುಕಿಕೊಡಿ" ಅಂದಳು. ಅಟ್ಟ ಹತ್ತಿದೆ. ಅರವತ್ತೈದಾದ ಮೇಲೆ ಅಟ್ಟ ಹತ್ತುವವನು ಏಣಿಯ ಮೊದಲ ಮೆಟ್ಟಿಲಲ್ಲೇ ತಾನು ಏನಕ್ಕೆ ಬಂದೆ ಎಂಬುದನ್ನು ಮರೆತಿರುತ್ತಾನೆ. ನಾನೂ ಮರೆತೆ. ಒಂದು ರಟ್ಟಿನ ಪೆಟ್ಟಿಗೆ ಕಂಡಿತು, ಬಿಚ್ಚಿದೆ. ಒಳಗೆ ಜರಡಿ ಇತ್ತು. ಜೊತೆಗೆ ನಾಲ್ಕು ಸ್ಟೀಲ್ ಬಟ್ಟಲು, ಒಂದು ಪೇಂಟ್ ಬ್ರಷ್ಷು ಇದ್ದವು. ಜರಡಿ ತಂದು ಅವಳ ಕೈಗೆ ಕೊಟ್ಟೆ. ಅವಳು ಅದನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, "ಇದಾ? ಇದನ್ನ ಎಲ್ಲಿತ್ತೋ ಅಲ್ಲೇ ಇಟ್ಬಿಡಿ" ಎಂದಳು. ಚಕ್ಕುಲಿಗೆ ಎದುರುಮನೆಯ ಜರಡಿ ಬಂತು.

ಆ ಜರಡಿಯಲ್ಲಿ ಹೆಚ್ಚುಕಡಿಮೆ ಒಂದು ವರ್ಷ ನಾನು ಹುಳ ಜಾಲಿಸಿದ್ದೇನೆ. ಹಿಟ್ಟಿನಲ್ಲಿದ್ದ ಹುಳ ತೆಗೆದು ಬಿಸಾಡಲು ಅಲ್ಲ ಸ್ವಾಮಿ, ಹುಳ ಉಳಿಸಿಕೊಂಡು ಹಿಟ್ಟು ಬಿಸಾಡಲು. ಹುಳಗಳಿಗೆ ಸ್ನಾನವೊಂದನ್ನು ಮಾಡಿಸಲಿಲ್ಲ, ಉಳಿದ ಉಪಚಾರವೆಲ್ಲ ಆಯಿತು. ಬೆಟ್ಟದಪುರದಿಂದ ಹಾರನಹಳ್ಳಿಯವರೆಗೆ ಈ ಕೆಲಸ ಮಾಡಿದ ಇನ್ನೊಬ್ಬ ನಿವೃತ್ತ ವಿಜ್ಞಾನದ ಮೇಷ್ಟ್ರು ಇರಲಾರ. ಇದ್ದರೆ ಅವನೂ ನನ್ನ ಹಾಗೆ ಬಾಯಿ ಮುಚ್ಚಿಕೊಂಡಿರಬಹುದು.

ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಬೆಳಗ್ಗೆ ಪೂಜೆಯಾಗದೆ ಒಲೆ ಹಚ್ಚುವುದಿಲ್ಲ. ಮೊಟ್ಟೆ ಒಡೆದ ವಾಸನೆ ಬಂದರೆ ನಾಲ್ಕು ಮನೆ ಆಚೆಯದು ಎಂದು ಹೇಳಬಲ್ಲ ಮೂಗು ಪಾರ್ವತಿಯದು. ಇಂಥ ಮನೆಗೆ ಹುಳ ಬಂದದ್ದು ನನ್ನ ತಮ್ಮ ಸಿದ್ದನಿಂದ.

ಸಿದ್ದ ಅಂದರೆ ಗುರುಸಿದ್ದಪ್ಪ, ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಮೂರನೇ ಕ್ಲಾಸಿನ ಆಚೆಗೆ ಅವನ ಬುದ್ಧಿ ಹೋಗಲಿಲ್ಲ, ನಾವೂ ಅವನನ್ನು ನೂಕಲಿಲ್ಲ. ಮದುವೆ ಮಾಡಲಿಲ್ಲ. ನನ್ನ ಜೊತೆಯಲ್ಲೇ ಇದ್ದಾನೆ. ದನಕ್ಕೆ ಹುಲ್ಲು ಹಾಕುತ್ತಾನೆ, ಸೊಪ್ಪು ಕಾಯಿಸಿ ಒಣಗಿಸುವ ಗೂಡಿಗೆ ನಮ್ಮ ಕಡೆ ಬ್ಯಾರನ್ನು ಅನ್ನುತ್ತಾರೆ, ಅದಕ್ಕೆ ಹಾಕುವ ಮುಂಚೆ ಹೊಗೆಸೊಪ್ಪನ್ನು ಕೋಲಿಗೆ ಕಟ್ಟುತ್ತಾನೆ, ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತಾನೆ. ನಮ್ಮ ಮಗಳು ಶೈಲಾಳನ್ನು ಎತ್ತಿ ಆಡಿಸಿದವನು ಅವನೇ. ಅವಳು ಸ್ಕೂಲಿಗೆ ಹೋಗುವವರೆಗೂ ನೆಲದ ಮೇಲೆ ನಡೆದದ್ದಕ್ಕಿಂತ ಇವನ ಸೊಂಟದ ಮೇಲೆ ಕೂತದ್ದೇ ಜಾಸ್ತಿ. ಅವಳು ಮದುವೆಯಾಗಿ ಕೆ.ಆರ್. ನಗರಕ್ಕೆ ಹೋದ ಮೇಲೆ ಅವನ ಕೈ ಖಾಲಿಯಾಯಿತು. ಮನೆಯಲ್ಲಿ ಏನನ್ನು ಮುಟ್ಟಲು ಹೋದರೂ "ನೀನು ಬುಡು ಸಿದ್ದ, ಒಡೆದುಹಾಕ್ತೀಯ" ಎಂಬ ಮಾತು ಅವನಿಗಿಂತ ಮುಂಚೆ ಅಲ್ಲಿರುತ್ತಿತ್ತು. ಆ ಮಾತನ್ನು ಹೆಚ್ಚು ಆಡಿದವನು ನಾನೇ ಇರಬೇಕು.

ಹೀಗಿರುವಾಗ ಹುಣಸೂರಿನಲ್ಲಿರುವ ಪಾರ್ವತಿಯ ಅಕ್ಕನ ಮಗಳು ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಒಂದು ಪಂಜರ ತಂದು ನಮ್ಮ ಜಗಲಿಯಲ್ಲಿಟ್ಟಳು. ಅದರಲ್ಲಿ ಒಂದು ಜೊತೆ ಫಿಂಚ್ ಹಕ್ಕಿ. ಹೊಲದಲ್ಲಿ ರಾಗಿ ತೆನೆಗೆ ಮುತ್ತುವ ನಮ್ಮ ರಾಟವಾಳದ ಪರದೇಶಿ ದಾಯಾದಿ ಎಂದುಕೊಳ್ಳಿ. ಹೆಬ್ಬೆಟ್ಟು ಗಾತ್ರ, ಕೆಂಪು ಕೊಕ್ಕು. ಗಂಡಿಗೆ ಕೆನ್ನೆಯ ಮೇಲೆ ಕಿತ್ತಳೆ ಬಣ್ಣ. ಸಿದ್ದ ಮೊದಲ ದಿನ ಪಂಜರದ ಮುಂದೆ ಕುಕ್ಕರಗಾಲಲ್ಲಿ ಕೂತವನು ಊಟಕ್ಕೆ ಕರೆದರೂ ಏಳಲಿಲ್ಲ. ಎರಡು ತಿಂಗಳಲ್ಲಿ ಅವು ನಾವು ಕಟ್ಟಿದ್ದ ಕುಡಿಕೆಯಲ್ಲಿ ಮೊಟ್ಟೆ ಇಟ್ಟವು. ಹುಣಸೂರಿನ ಹಕ್ಕಿ ಅಂಗಡಿಯವನನ್ನು ಕೇಳಿದ್ದಕ್ಕೆ, "ಮರಿ ಆದ್ರೆ ಬರೀ ನವಣೆ ಸಾಲಲ್ಲ ಸಾರ್, ಹುಳ ಕೊಡಿ, ಮರಿ ಗಟ್ಟಿಯಾಗುತ್ತೆ" ಎಂದು ಒಂದು ಡಬ್ಬಿ ಕೊಟ್ಟ. ಒಳಗೆ ಬೂಸಾ, ಬೂಸಾದೊಳಗೆ ಹಳದಿ ಹುಳ. ಅದರ ಹೆಸರು ಮೀಲ್‌ವರ್ಮ್. ಹಿಟ್ಟಿನ ಹುಳ ಅಂದರೆ ಯಾವ ಗೃಹಿಣಿಗೂ ಗೊತ್ತಾಗುತ್ತದೆ.

ಡಬ್ಬಿ ನೋಡಿ ಪಾರ್ವತಿ ಕೇಳಿದ್ದು ಒಂದೇ ಮಾತು. "ಮನೇಲಿ ಹುಳ ಬೀಳದ ಹಾಗೆ ಮೂವತ್ತೈದು ವರ್ಷ ಕಾದೆ. ಈಗ ಬಾಡಿಗೆ ಇಲ್ಲದೆ ಇಟ್ಕೊಳ್ತೀವಾ?"

ಆದರೂ ಇಟ್ಟುಕೊಂಡೆವು. ಸಿದ್ದ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದನಲ್ಲ, ಅದನ್ನು ಕಿತ್ತುಕೊಳ್ಳುವವರು ಯಾರು.

ಹಕ್ಕಿಗೆ ಹುಳ ಉಣ್ಣಿಸುವುದು ನನಗೆ ತೀರಾ ಹೊಸದೇನೂ ಆಗಿರಲಿಲ್ಲ. ನಾನು ಚಿಕ್ಕವನಾಗಿದ್ದಾಗ ನಮ್ಮ ಹೊಲದ ಅಂಚಿನಲ್ಲಿ ಕಾಳಮ್ಮ ಎಂಬವಳ ಮನೆ ಇತ್ತು. ಅವಳು ಕೋಳಿ ಸಾಕುತ್ತಿದ್ದಳು. ತೂತು ಮಡಕೆಗೆ ಸಗಣಿ, ಹುಲ್ಲು, ಗೋಣಿಚೂರು ತುಂಬಿ, ನೀರು ಚಿಮುಕಿಸಿ ಗೆದ್ದಲು ಹತ್ತುವ ಜಾಗದಲ್ಲಿ ಬೋರಲು ಹಾಕುವಳು. ಒಂದೆರಡು ದಿನ ಬಿಟ್ಟು ಮಡಕೆ ಎತ್ತಿ ಬಡಿದರೆ ಗೆದ್ದಲು ಸುರಿಯುತ್ತಿತ್ತು. ಕೋಳಿಮರಿಗಳು ಹುಚ್ಚು ಹಿಡಿದಂತೆ ಓಡಿ ಬಂದರೂ ಅವಳು ಬಿಡುತ್ತಿರಲಿಲ್ಲ. ಗೆದ್ದಲನ್ನು ಮೊರಕ್ಕೆ ಹಾಕಿ, ಕೂತು ಕೆಂಜಿಗ ಆರಿಸುವಳು. ನಾನೂ ಪಕ್ಕದಲ್ಲಿ ಕೂತು ಆರಿಸುತ್ತಿದ್ದೆ. "ಒಂದು ಕೆಂಜಿಗ ಉಳುದ್ರೂ ಮರಿ ಗಂಟ್ಲು ಕಚ್ತದೆ ಕಣ್ಲಾ ಮಗ, ಅಕ್ಕಿ ಆರ್ಸ್ದಂಗೆ ಆರ್ಸು" ಎನ್ನುವಳು. ನಮ್ಮಮ್ಮನಿಗೆ ವಿಷಯ ಗೊತ್ತಾದ ದಿನ ನನಗೆ ಹಿತ್ತಲಲ್ಲೇ ಸ್ನಾನವಾಗುತ್ತಿತ್ತು. ಕಾಳಮ್ಮನ ಮಗಳು ಪುಟ್ಟಮ್ಮ ಈಗಲೂ ನಮ್ಮ ಹೊಗೆಸೊಪ್ಪಿನ ಗ್ರೇಡಿಂಗ್ ಕೆಲಸಕ್ಕೆ ಬರುತ್ತಾಳೆ. ಸೊಪ್ಪು ಮುಟ್ಟಿ ನೋಡದೆ, ಬರೀ ಬಣ್ಣ ನೋಡಿ ಯಾವ ದರ್ಜೆ ಎಂದು ಹೇಳುತ್ತಾಳೆ. ಅವಳ ಮಾತು ಮುಂದೆ ಬರುತ್ತದೆ.

ನನ್ನೊಳಗಿನ ವಿಜ್ಞಾನದ ಮೇಷ್ಟ್ರಿಗೆ ನಿವೃತ್ತಿಯಾದ ಮೇಲೆ ಸಿಕ್ಕಿದ ಮೊದಲ ಪ್ರಯೋಗಾಲಯ ಇದು. ಸುಮ್ಮನಿರಲಾದೀತೆ? ಜಗಲಿಯ ಮೂಲೆಯಲ್ಲಿ ಮೇಜು ಹಾಕಿ, ಅದರ ನಾಲ್ಕು ಕಾಲನ್ನೂ ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿದೆ. ಹಾಲು ತುಪ್ಪದ ಬೀರುವಿಗೆ ನಮ್ಮ ಅಜ್ಜಿ ಮಾಡುತ್ತಿದ್ದಂತೆ, ಇರುವೆ ಬರಬಾರದು. ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಟ್ಟಿತು. ದಿನಾ ನೀರು ಬದಲಾಯಿಸಿದೆ. ಹಲ್ಲಿ ಬಾರದಂತೆ ಟ್ರೇಗಳಿಗೆ ಜಾಲರಿ ಹೊದಿಸಿದೆ. ಹೊಸ ಬೂಸಾ ಬಂದರೆ ಅದರಲ್ಲಿ ಬೇರೆ ಹುಳದ ಮೊಟ್ಟೆ ಇದ್ದೀತೆಂದು ಬಾಣಲೆಯಲ್ಲಿ ಹುರಿಯುತ್ತಿದ್ದೆ. ಆ ಘಮಕ್ಕೆ ಎದುರುಮನೆಯವರು ಎರಡು ಸಲ "ಉಪ್ಪಿಟ್ಟಾ?" ಎಂದು ವಿಚಾರಿಸಿದರು. ಹುಳಕ್ಕೆ ನೀರಿಗಾಗಿ ಕ್ಯಾರೆಟ್ ಚೂರು ಹಾಕಬೇಕು, ಆದರೆ ಒದ್ದೆಯಿದ್ದರೆ ಬೂಷ್ಟು ಬರುತ್ತದೆ. ಹಾಗಾಗಿ ಒಂದೊಂದು ಚೂರನ್ನೂ ಪಂಚೆಯಂಚಿನಲ್ಲಿ ಒರೆಸಿ ಇಡುತ್ತಿದ್ದೆ. "ನಂಗೆ ಯಾವತ್ತಾದ್ರೂ ಒಂದು ಕ್ಯಾರೆಟ್ ಒರೆಸಿಕೊಟ್ಟಿದ್ದೀರಾ?" ಎಂದು ಪಾರ್ವತಿ ಕೇಳಿದಳು. ಸತ್ತ ಹುಳ, ಬಿಟ್ಟ ಪೊರೆ, ಅವುಗಳ ಹಿಕ್ಕೆ ಎಲ್ಲವನ್ನೂ ವಾರಕ್ಕೊಮ್ಮೆ ಜರಡಿ ಹಿಡಿದು ತೆಗೆಯುವುದು. ಟ್ರೇಯ ಮೂಲೆಗಳನ್ನು ಬ್ರಷ್ಷಿನಲ್ಲಿ ಗುಡಿಸುವುದು. ನಮ್ಮ ದೇವರಮನೆ ಅಷ್ಟು ಚೊಕ್ಕಟವಾಗಿತ್ತೋ ಇಲ್ಲವೋ, ಹುಳದ ಮನೆ ಇತ್ತು.

ಉಣಿಸುವ ಕೆಲಸ ಮಾತ್ರ ಸಿದ್ದನದು. ಅವನಿಗೆ ನಾನು ಒಂದೇ ಪಾಠವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದೆ. "ಕೈ ತೊಳಿ, ಒರೆಸ್ಕೊ, ಆಮೇಲೆ ಹುಳ ಮುಟ್ಟು." ಹೊಗೆಸೊಪ್ಪಿನ ಕಾಲದಲ್ಲಿ ನಮ್ಮ ಕಡೆಯವರ ಕೈ ಹೇಗಿರುತ್ತದೆಂದು ನಿಮಗೆ ಗೊತ್ತಿಲ್ಲದಿರಬಹುದು. ಹಸಿ ಸೊಪ್ಪಿನ ಅಂಟು ಮೆತ್ತಿ ಅಂಗೈ ಕಪ್ಪಾಗುತ್ತದೆ, ಸುಲಭಕ್ಕೆ ಹೋಗುವುದಿಲ್ಲ. ಸಿದ್ದ ಪ್ರತಿ ಸಲವೂ ತೊಳೆದು ಎರಡೂ ಅಂಗೈಯನ್ನು ನನ್ನ ಮುಂದೆ ಹಿಡಿಯುತ್ತಿದ್ದ. ನಾನು ಕನ್ನಡಕ ಸರಿಮಾಡಿಕೊಂಡು, ಕಾಪಿ ತಿದ್ದುವ ಗಾಂಭೀರ್ಯದಲ್ಲಿ ನೋಡಿ "ಪಾಸು" ಎನ್ನುತ್ತಿದ್ದೆ. ಅವನ ಮುಖ ಅರಳುತ್ತಿತ್ತು. ಮೊದಲ ಸಲದ ಮೂರು ಮರಿಗಳೂ ಬದುಕಿದವು. ದೊಡ್ಡವಾದ ಮೇಲೆ ಹುಣಸೂರಿನ ಹುಡುಗಿ ಬಂದು ಆ ಮೂರನ್ನೂ ಒಯ್ದಳು. ದಾರಿಯಲ್ಲಿ ಸಿಕ್ಕವರಿಗೆಲ್ಲ ಸಿದ್ದ, "ಮೂರು ಮರಿ ಸಾಕ್ದೆ ಕಣ್ರೀ, ನಾನೇಯ" ಎಂದು ಹೇಳುತ್ತಿದ್ದ. ಐವತ್ತು ದಾಟಿದ ಮನುಷ್ಯ ತಾನೇ ಮಾಡಿದ್ದೆಂದು ಹೇಳಿಕೊಂಡ ಮೊದಲ ಕೆಲಸ ಅದು. ನನಗೂ ಹೆಮ್ಮೆಯಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಎರಡನೇ ಸಲ ಮೊಟ್ಟೆಯೊಡೆದದ್ದು ಆಷಾಢದ ಜಡಿಮಳೆಯಲ್ಲಿ. ನಾಲ್ಕು ಮರಿ. ವಾರವಿಡೀ ಬಿಸಿಲಿಲ್ಲ. ಒಂದು ಬೆಳಗ್ಗೆ ಟ್ರೇಯ ಅಂಚಿನಲ್ಲಿ ಕಂದು ಪುಡಿ ಕಂಡಿತು. ಒರೆಸಿದೆ. ಮಧ್ಯಾಹ್ನ ಮತ್ತೆ ಇತ್ತು. ಭೂತಗನ್ನಡಿ ಹಿಡಿದು ನೋಡಿದರೆ ಪುಡಿ ನಡೆಯುತ್ತಿತ್ತು. ನುಸಿ. ಹುರಿದ ಬೂಸಾಕ್ಕೂ ತೇವ ಸೇರಿ ನುಸಿ ಹತ್ತಿತ್ತು. ಬೂಸಾ ಎಲ್ಲ ಎಸೆದೆ, ಟ್ರೇಗೆ ಬಿಸಿನೀರು ಸುರಿದೆ, ಕ್ಯಾರೆಟ್ ನಿಲ್ಲಿಸಿದೆ, ಹಕ್ಕಿಗೆ ಹುಳ ಹಾಕುವುದನ್ನೂ ನಿಲ್ಲಿಸಿದೆ. ಎರಡು ದಿನಕ್ಕೆ ನುಸಿ ವಾಪಸು ಬಂತು. ಹುಳದ ಮೈಮೇಲೆ ಹತ್ತಿ ಕೂತಿತ್ತು. ಅತ್ತ ಕುಡಿಕೆಯಲ್ಲಿ ನಾಲ್ಕು ಬಾಯಿ ತೆರೆದುಕೊಂಡೇ ಇದ್ದವು. ಸಿದ್ದ ಗಂಟೆಗೊಮ್ಮೆ ಬಂದು, "ಹುಳಕ್ಕೆ ಸೀಕು ವಾಸಿ ಆಯ್ತಾ ಅಣ್ಣ?" ಎಂದು ಕೇಳುತ್ತಿದ್ದ. ಮೇಷ್ಟ್ರಿಗೆ ಉತ್ತರ ಗೊತ್ತಿಲ್ಲ ಎಂದು ಹೇಳಿ ಅಭ್ಯಾಸವಿಲ್ಲ.

ಆಗ ನೆನಪಾದದ್ದು ಪುಟ್ಟಮ್ಮನ ಕೋಳಿ. ಅವಳು ಕಾವು ಕೂರಿಸುವ ಕೋಳಿಯ ಕುಕ್ಕೆಯ ತಳಕ್ಕೆ ಹೊಗೆಸೊಪ್ಪಿನ ದಂಟು, ಪುಡಿ ಹಾಕುತ್ತಾಳೆ. ಹೇನು ಹತ್ತುವುದಿಲ್ಲ. ಕೋಳಿ ಹೇನು ಸಾಯುವುದಾದರೆ ನುಸಿ ಏಕೆ ಸಾಯಬಾರದು? ಗ್ರೇಡಿಂಗ್ ಮನೆಯ ಮೂಲೆಯಲ್ಲಿ ಹೋದ ವರ್ಷದ ಪುಡಿ ಬೇಕಾದಷ್ಟು ಬಿದ್ದಿತ್ತು. ಒಂದು ಹಿಡಿ ತಂದು ಬೂಸಾಕ್ಕೆ ಬೆರೆಸುತ್ತಿದ್ದೆ. ಸೊಪ್ಪು ಕಟ್ಟಲು ಬಂದಿದ್ದ ಪುಟ್ಟಮ್ಮ ನೋಡಿದಳು.

"ಏನ್ ಮೇಷ್ಟ್ರೆ, ಅದ್ನ ಉಣ್ಣೋದ್ರೊಳಿಕ್ಕೆ ಆಕ್ತಾ ಇದ್ದೀರಿ? ಕುಕ್ಕೆ ತಳ್ದಾಗೆ ಇಕ್ಕೋದು ಕಣ್ರೀ ಅದು. ನಮ್ಮವ್ವ ಒಗೆಸೊಪ್ಪಿನ ಒಲದ ಗೆದ್ಲನ್ನೇ ಮರೀಗೆ ಆಕ್ತಿರ್ನಿಲ್ಲ."

"ನೋಡು ಪುಟ್ಟಮ್ಮ" ಎಂದು ನಾನು ಶುರುಮಾಡಿದೆ. 'ನೋಡು' ಎಂದು ನಾನು ಶುರುಮಾಡಿದರೆ ಅದು ಪೀರಿಯಡ್ಡು ಮುಗಿಯುವ ಗಂಟೆ ಹೊಡೆಯುವವರೆಗೆ ನಿಲ್ಲುವುದಿಲ್ಲ. "ನಮ್ಮ ಹೊಲದಲ್ಲಿ ಹೊಗೆಸೊಪ್ಪು ತಿನ್ನೋ ಹಸಿರು ಹುಳ ಇದೆಯೋ ಇಲ್ವೋ? ಎಲೆ ತಿಂದೇ ಬೆರಳುದ್ದ ಬೆಳೆಯುತ್ತೋ ಇಲ್ವೋ? ಸೊಪ್ಪು ಹುಳಕ್ಕೆ ವಿಷ ಆಗಿದ್ದರೆ ನಾವು ಪ್ರತಿವರ್ಷ ಔಷಧಿ ಯಾಕೆ ಹೊಡೀಬೇಕಿತ್ತು? ಸಾಯೋದು ಸಣ್ಣ ನುಸಿ ಮಾತ್ರ."

ಅವಳು "ನೀವು ಓದ್ದೋರು, ಏನೋ" ಎಂದು ಹೋದಳು.

ಓದಿದವನು ಹೌದು. ನಿಕೋಟಿನ್ ಒಂದು ಕೀಟನಾಶಕ ಎಂದು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದವನು ನಾನೇ. ಹುಡುಗರು ಅದನ್ನು ಬರೆಯದಿದ್ದರೆ ಅರ್ಧ ಮಾರ್ಕು ಕತ್ತರಿಸಿದವನೂ ನಾನೇ. ಹೊಗೆಸೊಪ್ಪಿನ ಹೊಲದಲ್ಲಿ ಹುಟ್ಟಿ ಬೆಳೆದ ಹುಳ ಅದನ್ನು ಅರಗಿಸಿಕೊಂಡೀತು, ಬೂಸಾದ ಹುಳಕ್ಕೆ ಆ ಯೋಗ್ಯತೆ ಎಲ್ಲಿಂದ ಬರಬೇಕು? ಆದರೆ ಹೊಗೆಸೊಪ್ಪು ನಮಗೆ ಅಕ್ಕಿ ರಾಗಿಯ ಹಾಗೆ. ಅದರ ವಾಸನೆಯಲ್ಲೇ ಉಂಡು ಮಲಗಿದವರು ಅದನ್ನು ವಿಷ ಎಂದು ಪಾಠದಲ್ಲಿ ಓದುತ್ತೇವೆ, ಮನೆಯಲ್ಲಿ ನಂಬುವುದಿಲ್ಲ.

ಎರಡನೇ ದಿನಕ್ಕೆ ನುಸಿ ಮಾಯವಾಯಿತು. ಸಿದ್ದನನ್ನು ಕರೆದು ತೋರಿಸಿದೆ. ಅವನು ಚಪ್ಪಾಳೆ ತಟ್ಟಿದ. ಆ ದಿನದಿಂದಲೇ ಮತ್ತೆ ಹುಳ ಹಾಕಲು ಹೇಳಿದೆ.

ಮಾರನೆಯ ಬೆಳಗ್ಗೆ ನಾನು ಪೇಪರು ಓದುತ್ತಿದ್ದೆ. ಸಿದ್ದ ಬಂದು ಎದುರು ನಿಂತ. ಬ್ಯಾರನ್ನಿನ ಹತ್ತಿರ ಸೊಪ್ಪು ಕಟ್ಟಿ ಬಂದಿದ್ದ. ಅವನ ಅಂಗೈಯಲ್ಲಿ ಒಂದು ಮರಿ ಕತ್ತು ಚೆಲ್ಲಿ ಬಿದ್ದಿತ್ತು. ಓಡಿ ಹೋಗಿ ನೋಡಿದರೆ ಕುಡಿಕೆಯಲ್ಲಿ ಇನ್ನೆರಡು ಸತ್ತಿದ್ದವು. ನಾಲ್ಕನೆಯದು ನಡುಗುತ್ತಿತ್ತು. ತಾಯಿ ಹಕ್ಕಿ ಪಂಜರದ ತಳದಲ್ಲಿ ರೆಕ್ಕೆ ಹರಡಿ ಕೂತಿತ್ತು. ನಾನು ಟ್ರೇಯ ಜಾಲರಿ ತೆಗೆದೆ. ಹುಳಗಳು ಮೆತ್ತಗಾಗಿ ಬಿದ್ದಿದ್ದವು, ಕೆಲವು ಕಪ್ಪಾಗಿದ್ದವು. ಬ್ರಷ್ಷಿನಿಂದ ಮುಟ್ಟಿದರೂ ಹೊರಳಲಿಲ್ಲ. ಆ ಕ್ಷಣದಲ್ಲೇ ನನಗೆ ಎಲ್ಲ ಗೊತ್ತಾಯಿತು. ಯಾವ ಅನುಮಾನವೂ ಉಳಿಯಲಿಲ್ಲ.

ಸಿದ್ದ ಹಿಂದೆಯೇ ನಿಂತಿದ್ದ. ಅವನ ಕೈ ಸೊಪ್ಪಿನ ಅಂಟಿನಿಂದ ಕಪ್ಪಗಿತ್ತು. "ಅಣ್ಣ, ಬೆಳಿಗ್ಗೆ ನೀನು ಏಳೋಕ್ ಮುಂಚೆ ಹುಳ ಹಾಕ್ಬುಟ್ಟೆ, ಸೋಪು ಹಚ್ಚಿದ್ನೋ ಇಲ್ವೋ ಗ್ಯಾನ ಇಲ್ಲ" ಎಂದ. "ನನ್ ಕೈಯಿಂದ ಹಿಂಗಾಯ್ತಾ?"

ಇಲ್ಲ ಎನ್ನಬಹುದಿತ್ತು. ಒಂದೇ ಮಾತು. ಅಷ್ಟರಲ್ಲಿ ಪಾರ್ವತಿ ಅಡುಗೆಮನೆಯಿಂದ ಬರುತ್ತಿದ್ದಳು, ಪುಟ್ಟಮ್ಮ ಹಿತ್ತಲ ಬಾಗಿಲಲ್ಲಿ ಕಾಣಿಸಿಕೊಂಡಳು. ಸಾಯೋದು ನುಸಿ ಮಾತ್ರ ಎಂದು ಪುಟ್ಟಮ್ಮನಿಗೆ ಪಾಠ ಹೇಳಿ ಇನ್ನೂ ವಾರವಾಗಿರಲಿಲ್ಲ. ನಾನು ಸಿದ್ದನ ಕೈ ನೋಡಿದೆ, ಹೇಳಿದೆ: "ಇರಬೋದು. ಇನ್ನು ಮೇಲಾದ್ರೂ ಹುಷಾರಾಗಿರು."

ಅವನು ತಲೆಯಾಡಿಸಿದ. ಅಳಲಿಲ್ಲ. ನಾಲ್ಕನೆಯ ಮರಿ ಮಧ್ಯಾಹ್ನ ಹೋಯಿತು, ತಾಯಿ ಸಂಜೆಗೆ ಹೋಯಿತು. ಟ್ರೇಗಳನ್ನು ಹೊತ್ತುಕೊಂಡು ಹೋಗಿ, ಯಾರೂ ಕಾಣದ ಹಾಗೆ ತಿಪ್ಪೆಗುಂಡಿಗೆ ಸುರಿದವನು ನಾನು. ಗಂಡುಹಕ್ಕಿಯೊಂದು ಉಳಿಯಿತು. ಅದನ್ನು ಹುಣಸೂರಿಗೆ ಕಳಿಸಿದೆವು.

ಅಂದಿನಿಂದ ಸಿದ್ದ ಕೈ ತೊಳೆಯುತ್ತಾನೆ. ಊಟಕ್ಕೆ ಮುಂಚೆ, ಊಟವಾದ ಮೇಲೆ, ಸುಮ್ಮನೆ ಕೂತಿದ್ದವನು ಎದ್ದು ಹೋಗಿ ನಲ್ಲಿಯ ಕೆಳಗೆ ಕೈ ಹಿಡಿಯುತ್ತಾನೆ. ಅಂಗೈಯ ಸಿಪ್ಪೆ ಎದ್ದು ಕೆಂಪು ಕಾಣುತ್ತದೆ. ಪಿರಿಯಾಪಟ್ಟಣದ ಡಾಕ್ಟರು ಮುಲಾಮು ಕೊಟ್ಟರು. ಹಚ್ಚಿದರೆ ಅದನ್ನೂ ತೊಳೆಯುತ್ತಾನೆ. ದನಕ್ಕೆ ಹುಲ್ಲು ಹಾಕುವುದಿಲ್ಲ, ಕವೆಗೋಲಿನಲ್ಲಿ ದೂರದಿಂದ ನೂಕುತ್ತಾನೆ. ಕರು ಬಂದು ಮೈಗೆ ಒರಗಿದರೆ ಕೈ ಎರಡನ್ನೂ ಮೇಲಕ್ಕೆತ್ತಿಕೊಂಡು ನಿಲ್ಲುತ್ತಾನೆ. ಮೊದಮೊದಲು ಇದು ನಾಲ್ಕು ದಿನದ ಮಾತು ಎಂದುಕೊಂಡೆ. ಯುಗಾದಿ ಬಂತು, ಹೋಯಿತು.

ಕೊನೆಗೆ ಒಂದು ಮಧ್ಯಾಹ್ನ ಜಗಲಿಯಲ್ಲಿ ಅವನನ್ನು ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೊಗೆಸೊಪ್ಪಿನ ಪುಡಿ ಬೆರೆಸಿದ್ದು ನಾನು, ಹುಳ ಸತ್ತದ್ದು ಅದರಿಂದ, ಮರಿಗಳು ಸತ್ತದ್ದು ಆ ಹುಳದಿಂದ. "ನಿನ್ನ ಕೈಯಲ್ಲಿ ಏನೂ ತಪ್ಪಿರಲಿಲ್ಲ ಸಿದ್ದ. ನನ್ನ ಮಾನ ಉಳಿಸ್ಕೊಳ್ಳೋಕೆ ನಾನು ಸುಳ್ಳು ಹೇಳಿದೆ." ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ನಕ್ಕು, ನನ್ನ ಮೊಣಕಾಲನ್ನು ಮುಟ್ಟಲು ಬಂದವನು ಹಾಗೇ ಕೈ ಹಿಂದೆ ತೆಗೆದುಕೊಂಡ.

"ನಂಗೆ ಬೇಜಾರಾಗ್ಬಾರ್ದು ಅಂತ ಹೇಳ್ತೀಯ. ನಂಗೊತ್ತು ಬುಡಣ್ಣ. ನೀನು ಮೇಷ್ಟ್ರು, ನೀನು ತಪ್ಪು ಮಾಡ್ತೀಯಾ?"

ಪುಟ್ಟಮ್ಮನನ್ನು ಸಾಕ್ಷಿಗೆ ಕರೆದೆ. ಅವಳೂ ಕಂಡದ್ದನ್ನು ಹೇಳಿದಳು. "ದಿಟ ಕಣಪ್ಪ, ನಾನೇ ಬ್ಯಾಡ ಅಂದಿದ್ದೆ. ನಿಮ್ಮಣ್ಣ ಕೇಳ್ನಿಲ್ಲ." ಸಿದ್ದ ಅವಳನ್ನು ಕನಿಕರದಿಂದ ನೋಡಿ, "ಅಣ್ಣ ಹೇಳ್ಕೊಟ್ಟವ್ನೆ ನಿಂಗೆ" ಎಂದ. ಪಾರ್ವತಿ ಹೇಳಿದಳು. ಅವಳಿಗೂ ನಾನೇ ಹೇಳಿಕೊಟ್ಟಿರಬೇಕು ಎಂದ. ಒಂದೇ ಒಂದು ಸಲವಾದರೂ ಅವನ ಮುಂದೆ "ನನಗೆ ಗೊತ್ತಿಲ್ಲ" ಎಂದಿದ್ದರೆ ಈಗ ನನ್ನ ಮಾತನ್ನು ನಂಬುತ್ತಿದ್ದನೋ ಏನೋ. ಐವತ್ತು ವರ್ಷ ಅವನ ಪಾಲಿಗೆ ನಾನು ಸರಿಯಾಗಿಯೇ ಇದ್ದೆ. ಈಗ ಸತ್ಯ ಹೇಳಲು ಹೋದರೆ ಅದೇ ಅಡ್ಡ ಬರುತ್ತದೆ. ನನಗೆ ಬೇರೆ ದಾರಿ ಕಾಣುತ್ತಿಲ್ಲ. ಓದುವ ನಿಮಗೆ ಯಾರಿಗಾದರೂ ಕಂಡರೆ ತಿಳಿಸಿ ಎನ್ನೋಣವೆಂದರೆ, ಅದನ್ನೂ ನಾನು ಹೇಳಿಕೊಟ್ಟೆ ಎಂದೇ ಅವನು ತಿಳಿಯುತ್ತಾನೆ.

ಹೋದ ವಾರ ಶೈಲಾ ಮೂರು ತಿಂಗಳ ಮಗುವನ್ನು ಎತ್ತಿಕೊಂಡು ಬಂದಳು. ಹೆರಿಗೆ ಕೆ.ಆರ್. ನಗರದಲ್ಲೇ ಆಗಿತ್ತು, ಈ ಊರಿಗೆ ಅದರ ಮೊದಲ ಬರವು. ಸಿದ್ದ ಬೆಳಗ್ಗೆಯಿಂದ ಗೇಟಿನ ಹತ್ತಿರವೇ ನಿಂತಿದ್ದ. ಕಾರು ಬಂದೊಡನೆ ಓಡಿದ. ಶೈಲಾ ಇಳಿದವಳೇ ಮಗುವನ್ನು ಅವನ ಕಡೆ ಚಾಚಿ, "ಮೊದಲು ನೀನೇ ಎತ್ಕೋ ಚಿಕ್ಕಪ್ಪ, ಅಮ್ಮನ ಕೈಗೂ ಆಮೇಲೇ ಕೊಡೋದು" ಎಂದಳು. ಮಗು ಅವನನ್ನು ನೋಡಿ ಕಾಲು ಬಡಿಯಿತು.

ಸಿದ್ದ ಒಂದು ಹೆಜ್ಜೆ ಹಿಂದೆ ಸರಿದ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಮಗುವಿನ ಮುಖವನ್ನೇ ನೋಡುತ್ತಾ ಮೆಲ್ಲಗೆ ಹೇಳಿದ: "ಬ್ಯಾಡ ಕಣವ್ವ, ನಂಗೆ ಕೊಡ್ಬ್ಯಾಡ. ನನ್ ಕೈ ಸರಿ ಇಲ್ಲ. ಅಣ್ಣನೇ ಹೇಳವ್ನೆ."